ಗೇರು ಹೊಂದಿಸುವ ಕೈಪಿಡಿ: ಒಂದು ವಿಮರ್ಶೆ

ವಿಮರ್ಶೆ ಎಂದರೆ ಕಥೆ ಕಾದಂಬರಿಗಳಿಗೆ, ಹೆಚ್ಚೆಂದರೆ ಪಠ್ಯಪುಸ್ತಕಗಳಿಗೆ ಮೀಸಲು ಎಂಬ ಭಾವನೆ ನಮ್ಮಲ್ಲಿದೆ. ಯಂತ್ರದ ಜೊತೆ ಪೆಟ್ಟಿಗೆಯಲ್ಲಿ ಬರುವ ಕೈಪಿಡಿಯನ್ನು ಯಾರೂ ವಿಮರ್ಶಿಸುವುದಿಲ್ಲ. ಅದನ್ನು ಓದುವವರೇ ಕಡಿಮೆ. ಆದರೆ ಕಾದಂಬರಿ ಓದಿದವನು ಪುಸ್ತಕ ಮುಚ್ಚಿಟ್ಟು ಮಲಗಬಹುದು. ಕೈಪಿಡಿ ಓದಿದವನು ತಿರುಪುಳಿ ಹಿಡಿದು ಕೆಲಸಕ್ಕೆ ಇಳಿಯುತ್ತಾನೆ. ಬರಹ ತಪ್ಪಾಗಿದ್ದರೆ, ಅಥವಾ ಸರಿಯಾಗಿದ್ದೂ ಅರ್ಧವನ್ನಷ್ಟೇ ಹೇಳಿದ್ದರೆ, ಅದರ ಫಲ ಯಂತ್ರದಲ್ಲಿ ಕಾಣಿಸುತ್ತದೆ. ಆದ್ದರಿಂದ ಸೈಕಲ್ಲಿನ ಹಿಂದಿನ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನ, ಅದನ್ನು ಕೂರಿಸುವುದು ಮತ್ತು ಹೊಂದಿಸುವುದು ಹೇಗೆಂದು ತಿಳಿಸುವ ಕೈಪಿಡಿಗಳನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಒಂದು ಕಂಪನಿಯ ಕೈಪಿಡಿ ನನ್ನ ಗುರಿಯಲ್ಲ. ಹಲವು ತಯಾರಕರ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅವುಗಳ ಗುಣವೂ ದೋಷವೂ ಹೆಚ್ಚುಕಡಿಮೆ ಒಂದೇ ಬಗೆಯವು.

ಕರ್ನಾಟಕದಲ್ಲಿ 2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟದ್ದು ಗೇರಿಲ್ಲದ ಸೈಕಲ್ಲು. ಅದರಲ್ಲಿ ಹೊಂದಿಸಬೇಕಾದದ್ದು ಚೈನಿನ ಬಿಗಿ ಮತ್ತು ಬ್ರೇಕು, ಅಷ್ಟೆ. ಈಗ ಪೇಟೆಯ ಶಾಲೆ ಕಾಲೇಜುಗಳ ಸೈಕಲ್ ಸ್ಟ್ಯಾಂಡುಗಳಲ್ಲಿ ಏಳು, ಎಂಟು ಗೇರಿನವು ಸಾಮಾನ್ಯ. ಸಂಜೆ ಅವು ಹೊರಡುವಾಗ ಕಿವಿಗೊಟ್ಟು ಕೇಳಿ. ಕರಕರ ಸದ್ದು ಮಾಡದೆ ಹೋಗುವ ಸೈಕಲ್ಲು ಅಪರೂಪ. ಏಳು ಗೇರಿಗೆ ಹಣ ಕೊಟ್ಟ ಹುಡುಗ ಎರಡೋ ಮೂರೋ ಗೇರನ್ನು ಮಾತ್ರ ಬಳಸುತ್ತಾನೆ, ಉಳಿದವು 'ಬೀಳುವುದಿಲ್ಲ'. ಅಂಗಡಿಗೆ ಒಯ್ದರೆ ನಾಲ್ಕೂ ತಿರುಪುಗಳನ್ನು ಒಂದಿಷ್ಟು ತಿರುಗಿಸಿ ಕೊಡುತ್ತಾರೆ. ವಾರದ ಮೇಲೆ ಮತ್ತದೇ ಕಥೆ. ಇದಕ್ಕೆ ಮೆಕ್ಯಾನಿಕ್ಕನ್ನು ದೂರುವುದು ಸುಲಭ. ಅವನ ಕೈಗೆ ಸಿಕ್ಕ ಬರಹ ಎಂಥದು ಎಂದು ನೋಡುವುದು ಹೆಚ್ಚು ಉಪಯುಕ್ತ.

ಮೊದಲು ಸಾಧನದ ಪರಿಚಯ. ಹಿಂದಿನ ಗಾಲಿಯ ಅಚ್ಚಿನ ಮೇಲೆ ಹಲ್ಲುಚಕ್ರಗಳ ಗುಚ್ಛವಿದೆ. ಚಿಕ್ಕದು ಹೊರಗೆ, ದೊಡ್ಡದು ಒಳಗೆ, ಗಾಲಿಯ ಕಡ್ಡಿಗಳ ಪಕ್ಕದಲ್ಲಿ. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದೆ ಚಿಕ್ಕದಕ್ಕೆ 14, ದೊಡ್ಡದಕ್ಕೆ 28 ಎಂದಿರಲಿ. ಗಾಲಿಯ ಸುತ್ತಳತೆ 2.07 ಮೀಟರ್ ಆದರೆ ಪೆಡಲಿನ ಒಂದು ಸುತ್ತಿಗೆ ಚಿಕ್ಕ ಚಕ್ರದಲ್ಲಿ ಸುಮಾರು 6.5 ಮೀಟರ್, ದೊಡ್ಡದರಲ್ಲಿ 3.25 ಮೀಟರ್ ಸಾಗುತ್ತೇವೆ. ದೂರ ಅರ್ಧವಾದಾಗ ನೆಲದ ಮೇಲಿನ ತಳ್ಳುಬಲ ಇಮ್ಮಡಿಯಾಗುತ್ತದೆ, ಗುಣಲಬ್ಧ ಬದಲಾಗುವುದಿಲ್ಲ. ಗೇರು 'ಶಕ್ತಿ ಉಳಿಸುತ್ತದೆ' ಎಂದು ತರಗತಿಯಲ್ಲಿ ಹೇಳುವ ಅಭ್ಯಾಸವನ್ನು ನಾವು ಇನ್ನಾದರೂ ಬಿಡಬೇಕು. ದಿಬ್ಬದ ಎತ್ತರ ಅಷ್ಟೇ ಇದ್ದಾಗ ಮಾಡಬೇಕಾದ ಕೆಲಸವೂ ಅಷ್ಟೇ. ಗೇರು ಅದನ್ನು ನಮ್ಮ ಸ್ನಾಯುಗಳಿಗೆ ಒಗ್ಗುವ ಬಲ ಮತ್ತು ವೇಗಗಳಾಗಿ ಒಡೆದು ಕೊಡುತ್ತದೆ.

ಡಿರೇಲರ್ ಇರುವುದು ಚೈನಿನ ಕೆಳಗಿನ ಸಾಲಿನಲ್ಲಿ. ಇದು ಆಕಸ್ಮಿಕವಲ್ಲ. 170 ಮಿ.ಮೀ. ಕ್ರ್ಯಾಂಕಿನ ಪೆಡಲನ್ನು 400 ನ್ಯೂಟನ್ ಬಲದಿಂದ ತುಳಿದರೆ, 44 ಹಲ್ಲಿನ ಚಕ್ರದ ತ್ರಿಜ್ಯ ಸುಮಾರು 89 ಮಿ.ಮೀ. ಆದ್ದರಿಂದ ಚೈನಿನ ಮೇಲಿನ ಸಾಲಿನಲ್ಲಿ ಸುಮಾರು 760 ನ್ಯೂಟನ್ ಎಳೆತ ಬರುತ್ತದೆ. ಅಷ್ಟು ಬಿಗಿಯಾದ ಚೈನನ್ನು ಹೆಬ್ಬೆರಳಿನ ಬಲದಿಂದ ಪಕ್ಕಕ್ಕೆ ಸರಿಸಲಾಗದು. ಕೆಳಗಿನ ಸಾಲಿನಲ್ಲಿರುವುದು ಡಿರೇಲರಿನ ಸ್ಪ್ರಿಂಗು ಕೊಡುವ ಅಲ್ಪ ಎಳೆತ ಮಾತ್ರ. ಅಲ್ಲಿ ಚೈನು ಚಕ್ರವನ್ನು ಪ್ರವೇಶಿಸುವ ಜಾಗದಲ್ಲಿ ಒಂದು ಪುಟ್ಟ ರಾಟೆ ಅದನ್ನು ಪಕ್ಕಕ್ಕೆ ನಡೆಸುತ್ತದೆ. ಇದಕ್ಕೆ ಮಾರ್ಗದರ್ಶಿ ರಾಟೆ ಎನ್ನೋಣ. ಅದರ ಕೆಳಗಿನ ಇನ್ನೊಂದು ರಾಟೆ ಚೈನಿನ ಸಡಿಲವನ್ನು ಎಳೆದು ಹಿಡಿಯುತ್ತದೆ. ಎರಡೂ ರಾಟೆಗಳನ್ನು ಹೊತ್ತ ಚೌಕಟ್ಟು ಒಂದು ಸಮಾಂತರ ಚತುರ್ಭುಜದ ತುದಿಯಲ್ಲಿದೆ. ಹೀಗಾಗಿ ಎಷ್ಟು ಸರಿದರೂ ರಾಟೆಯ ತಲ ಹಲ್ಲುಚಕ್ರಗಳ ತಲಕ್ಕೆ ಸಮಾಂತರವಾಗಿಯೇ ಉಳಿಯುತ್ತದೆ. ಸಾಮಾನ್ಯ ರಚನೆಯಲ್ಲಿ ಕೇಬಲ್ಲು ಅದನ್ನು ಒಳಕ್ಕೆ, ದೊಡ್ಡ ಚಕ್ರದತ್ತ ಎಳೆಯುತ್ತದೆ. ಸ್ಪ್ರಿಂಗು ಹೊರಕ್ಕೆ, ಚಿಕ್ಕ ಚಕ್ರದತ್ತ.

'ಪೆಡಲ್ ತುಳಿಯುತ್ತಲೇ ಗೇರು ಬದಲಿಸಿ' ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಮೇಲಿನ ಎರಡು ಸಂಗತಿಗಳನ್ನು ಒಂದು ಸಾಲಿನಲ್ಲಿ ಸೇರಿಸಿದ್ದರೆ, ತುಳಿಯಬೇಕು ಆದರೆ ಹಗುರವಾಗಿ ಎಂಬುದು ಓದುಗನಿಗೆ ತಾನಾಗಿ ಹೊಳೆಯುತ್ತಿತ್ತು. ಆ ಸಾಲು ಎಲ್ಲೂ ಇಲ್ಲ.

ಕೈಪಿಡಿಯ ಹಿರಿಮೆ

ದೋಷ ಎಣಿಸುವ ಮೊದಲು ಗುಣ ಹೇಳಬೇಕು. ಕೈಪಿಡಿಗಳ ದೊಡ್ಡ ಗುಣವೆಂದರೆ ಅವು ಹಾಕಿಕೊಟ್ಟ ಕ್ರಮ. ಡಿರೇಲರನ್ನು ಚೌಕಟ್ಟಿನ ಹ್ಯಾಂಗರಿಗೆ 8ರಿಂದ 10 ನ್ಯೂಟನ್-ಮೀಟರ್ ಬಿಗಿಯಲ್ಲಿ ಕೂರಿಸು. ಕೇಬಲ್ ಕಟ್ಟುವ ಮೊದಲೇ 'ಎಚ್' ಎಂದು ಗುರುತಿಸಿದ ತಿರುಪಿನಿಂದ, ಮಾರ್ಗದರ್ಶಿ ರಾಟೆ ಅತಿ ಚಿಕ್ಕ ಚಕ್ರದ ನೇರಕ್ಕೆ ನಿಲ್ಲುವಂತೆ ಮಾಡು. ಆಮೇಲೆ ಕೇಬಲ್ ಬಿಗಿ. ಆಮೇಲೆ 'ಎಲ್' ತಿರುಪಿನಿಂದ ಅತಿ ದೊಡ್ಡ ಚಕ್ರದ ನೇರ. ಕೊನೆಗೆ ಕೇಬಲ್ಲಿನ ಸೂಕ್ಷ್ಮ ಹೊಂದಾಣಿಕೆ. ಕೇಬಲ್ ಇಲ್ಲದಿದ್ದಾಗ ಸ್ಪ್ರಿಂಗು ಡಿರೇಲರನ್ನು ನೇರ ಎಚ್ ತಿರುಪಿನ ತುದಿಗೆ ಒರಗಿಸುತ್ತದೆ. ಆಗ ಆ ತಿರುಪಿನ ಪರಿಣಾಮ ಮಾತ್ರ ಕಾಣುತ್ತದೆ. ಕೇಬಲ್ ಬಿಗಿಯಾಗಿ ಕಟ್ಟಿದ ಮೇಲೆ ಅದನ್ನೇ ಮಾಡಹೊರಟರೆ ಡಿರೇಲರು ಕೇಬಲ್ಲಿಗೆ ಜೋತುಬಿದ್ದಿರುತ್ತದೆ. ತಿರುಪನ್ನು ನಾಲ್ಕು ಸುತ್ತು ತಿರುಗಿಸಿದರೂ ಏನೂ ಆಗುವುದಿಲ್ಲ. ಐದನೆಯ ಸುತ್ತಿಗೆ ಎಲ್ಲ ಒಮ್ಮೆಲೇ ಆಗುತ್ತದೆ. ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸು ಎಂಬ ಪ್ರಯೋಗಶಾಲೆಯ ನಿಯಮವೇ ಇಲ್ಲಿ ಕೆಲಸ ಮಾಡುತ್ತಿದೆ.

ಇನ್ನೊಂದು ಸೂಚನೆ ನನಗೆ ಬಹಳ ಮೆಚ್ಚಿಗೆಯಾದದ್ದು. ಚೈನನ್ನು ಹೊರಗಿನಿಂದ ಎರಡನೆಯ ಚಕ್ರಕ್ಕೆ ತಾ. ಶಿಫ್ಟರಿನ ಸನ್ನೆಯನ್ನು ಅದರ ಸಡಿಲದಷ್ಟೇ ಒತ್ತಿ ಹಿಡಿದು ಪೆಡಲ್ ತಿರುಗಿಸು. ಚೈನು ಮೂರನೆಯ ಚಕ್ರಕ್ಕೆ ಸೋಕಿ ಸದ್ದು ಮಾಡಬೇಕು; ಬೆರಳು ತೆಗೆದರೆ ಸದ್ದು ನಿಲ್ಲಬೇಕು. ಇಷ್ಟೇ. ಮಾಪಕ ಬೇಡ, ಕಣ್ಣಳತೆ ಬೇಡ. ಮೀಟರ್ ಬ್ರಿಡ್ಜಿನಲ್ಲಿ ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರುವುದನ್ನು ಹುಡುಕುವಂತೆ, ಇಲ್ಲಿ ಸದ್ದು ಹುಟ್ಟುವ ಮತ್ತು ಸಾಯುವ ಗಡಿಯನ್ನು ಹುಡುಕುತ್ತೇವೆ. ಅಗ್ಗದ ಸಂವೇದಕದಿಂದ ಮಿಲಿಮೀಟರಿನ ಭಾಗಗಳ ನಿಖರತೆ ಪಡೆಯುವ ಇಂಥ ಜಾಣ ವಿಧಾನವನ್ನು ಬರೆದವರ ಬಗ್ಗೆ ಗೌರವ ಮೂಡುತ್ತದೆ.

ಹೇಳದೆ ಬಿಟ್ಟದ್ದು

ಇನ್ನು ಆಕ್ಷೇಪಗಳು. ಎಚ್ ಮತ್ತು ಎಲ್ ತಿರುಪುಗಳು ಗಡಿಕಲ್ಲುಗಳು ಎಂದು ಯಾವ ಕೈಪಿಡಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಡಿರೇಲರು ಹೊರಗೆ ಎಲ್ಲಿಯವರೆಗೆ ಹೋಗಬಹುದು, ಒಳಗೆ ಎಲ್ಲಿಯವರೆಗೆ ಬರಬಹುದು ಎಂಬುದನ್ನಷ್ಟೇ ಅವು ತೀರ್ಮಾನಿಸುತ್ತವೆ. ನಡುವಿನ ಗೇರುಗಳಿಗೂ ಅವಕ್ಕೂ ಸಂಬಂಧವಿಲ್ಲ. ಹೊಲದ ಗಡಿಕಲ್ಲು ಕಿತ್ತು ಬೇರೆಡೆ ನೆಟ್ಟರೆ ಒಳಗಿನ ಸಾಲುಗಳ ಡೊಂಕು ಹೋಗುವುದಿಲ್ಲ. ಈ ಒಂದು ಮಾತು ಬಿಟ್ಟುಹೋದದ್ದರಿಂದ, ನಾಲ್ಕನೆಯ ಗೇರು ಸರಿಯಾಗಿ ಬೀಳದಿದ್ದಾಗಲೂ ಕೈ ಮೊದಲು ಹೋಗುವುದು ಈ ತಿರುಪುಗಳಿಗೇ; ಕಣ್ಣಿಗೆ ಎದ್ದು ಕಾಣುವಂತೆ ಅವು ಹೊರಗೇ ಇವೆ. ಎಲ್ ತಿರುಪನ್ನು ಹಾಗೆ ಸಡಿಲಿಸಿ ಬಿಟ್ಟ ಸೈಕಲ್ಲಿನಲ್ಲಿ ತಕ್ಷಣ ಏನೂ ತೊಂದರೆ ಕಾಣುವುದಿಲ್ಲ. ಮೊದಲ ಕಡಿದಾದ ಏರಿನಲ್ಲಿ, ಸವಾರ ದೊಡ್ಡ ಚಕ್ರಕ್ಕೆ ಹಾಕಿದಾಗ, ಚೈನು ಚಕ್ರವನ್ನೂ ದಾಟಿ ಕಡ್ಡಿಗಳ ನಡುವೆ ಬೀಳುತ್ತದೆ; ಡಿರೇಲರೇ ಕಡ್ಡಿಗೆ ಸಿಕ್ಕಿ ಗಾಲಿ ಕಚ್ಚಿಕೊಳ್ಳುತ್ತದೆ. ಇದು ಬರೀ ಗೇರಿನ ಪ್ರಶ್ನೆಯಲ್ಲ, ಹಿಂದೆ ಬಸ್ಸು ಬರುತ್ತಿರುವ ರಸ್ತೆಯ ಪ್ರಶ್ನೆ. ಎಚ್ಚರಿಕೆಯ ತ್ರಿಕೋನ ಚಿಹ್ನೆಗಳನ್ನು ಧಾರಾಳವಾಗಿ ಅಚ್ಚು ಹಾಕುವ ಕೈಪಿಡಿಗಳು, ಈ ತಿರುಪು ಏಕೆ ಇದೆ ಎಂದು ಹೇಳಿದ್ದರೆ ಅರ್ಧದಷ್ಟು ತ್ರಿಕೋನಗಳು ಬೇಕಾಗುತ್ತಿರಲಿಲ್ಲ.

ಎರಡನೆಯದು ದಿಕ್ಕಿನ ಮಾತು. ಕೇಬಲ್ ಹೊಂದಿಸುವ ಪೀಪಾಯಿಯಂಥ ತಿರುಪನ್ನು 'ಅಪ್ರದಕ್ಷಿಣವಾಗಿ ತಿರುಗಿಸಿ' ಎನ್ನುತ್ತವೆ. ಯಾವ ಕಡೆಯಿಂದ ನೋಡಿದಾಗ? ಡಿರೇಲರಿನ ಹಿಂದೆ ನಿಂತವನಿಗೂ ಹ್ಯಾಂಡಲ್ಲಿನ ಬಳಿ ಕೂತವನಿಗೂ ಪ್ರದಕ್ಷಿಣೆ ಒಂದೇ ಅಲ್ಲ. ನೋಡುವ ದಿಕ್ಕು ಹೇಳದ ಪ್ರದಕ್ಷಿಣೆಗೆ ಭೌತಶಾಸ್ತ್ರದಲ್ಲಿ ಅರ್ಥವಿಲ್ಲ ಎಂದು ಪಿ.ಯು.ಸಿ. ಮಕ್ಕಳಿಗೆ ಪಾಠ ಮಾಡುತ್ತೇವೆ. ಚಿತ್ರದಲ್ಲಿ ಬಾಣವಿರುತ್ತದೆ, ನಿಜ. ಆದರೆ 'ತಿರುಪು ತನ್ನ ಗೂಡಿನಿಂದ ಹೊರಬರುವಂತೆ ತಿರುಗಿಸಿ' ಎಂದರೆ ಬಾಣವೇ ಬೇಡ. ತಿರುಪು ಹೊರಬಂದಾಗ ಆಗುವುದೇನು? ಒಳಗಿನ ತಂತಿಯ ಉದ್ದ ಬದಲಾಗುವುದಿಲ್ಲ. ಹೊರಗಿನ ಹೊದಿಕೆ ಅಷ್ಟು ಉದ್ದವಾದಂತಾಗುತ್ತದೆ, ತಂತಿ ಅಷ್ಟು ಎಳೆದಂತಾಗುತ್ತದೆ. ಬೌಡನ್ 1896ರಲ್ಲಿ ಪೇಟೆಂಟ್ ಪಡೆದ ಈ ಜೋಡಿ ಕೇಬಲ್ಲಿನ ತತ್ವವೇ ಇದು: ಮುಖ್ಯವಾದದ್ದು ತಂತಿಗೂ ಹೊದಿಕೆಗೂ ನಡುವಿನ ಸಾಪೇಕ್ಷ ಚಲನೆ. ಇದು ಗೊತ್ತಿದ್ದವನಿಗೆ ಹ್ಯಾಂಡಲಿನ ಬಳಿಯ ತಿರುಪಾದರೂ ಒಂದೇ, ಡಿರೇಲರಿನ ಬಳಿಯದಾದರೂ ಒಂದೇ. ಚೈನು ದೊಡ್ಡ ಚಕ್ರಕ್ಕೆ ಏರಲು ಸೋಮಾರಿಯಾದರೆ ತಿರುಪು ಹೊರಕ್ಕೆ. ಚಿಕ್ಕದಕ್ಕೆ ಇಳಿಯಲು ತಡಮಾಡಿದರೆ ಒಳಕ್ಕೆ.

'ಬಿ' ತಿರುಪಿನ ಬಗ್ಗೆಯಂತೂ ಒಂದೂವರೆ ಸಾಲು. ಅದು ಇಡೀ ಡಿರೇಲರನ್ನು ಹ್ಯಾಂಗರಿನ ಸುತ್ತ ತುಸು ತಿರುಗಿಸಿ, ಮಾರ್ಗದರ್ಶಿ ರಾಟೆಗೂ ಹಲ್ಲುಚಕ್ರಕ್ಕೂ ನಡುವಿನ ಅಂತರವನ್ನು ಹೊಂದಿಸುತ್ತದೆ. ರಾಟೆ ದೊಡ್ಡ ಚಕ್ರಕ್ಕೆ ಉಜ್ಜಬಾರದು, ದೂರವೂ ಹೋಗಬಾರದು. ದೂರ ಹೋದರೆ ಏನು ನಷ್ಟ? ರಾಟೆ 4.8 ಮಿ.ಮೀ. ಪಕ್ಕಕ್ಕೆ ಸರಿಯಿತು ಎನ್ನಿ. ರಾಟೆಗೂ ಚಕ್ರಕ್ಕೂ ನಡುವೆ ಆಧಾರವಿಲ್ಲದ ಚೈನಿನ ಉದ್ದ 25 ಮಿ.ಮೀ. ಇದ್ದರೆ ಚೈನು ಸುಮಾರು 11 ಡಿಗ್ರಿ ವಾಲುತ್ತದೆ, 50 ಮಿ.ಮೀ. ಇದ್ದರೆ ಐದೂವರೆ ಡಿಗ್ರಿ ಮಾತ್ರ. ವಾಲಿಕೆ ಕಡಿಮೆಯಾದಷ್ಟೂ ಚೈನಿಗೆ ಪಕ್ಕದ ಹಲ್ಲು ಹಿಡಿಯಲು ಸಮಯ ಬೇಕು. ಈ ಲೆಕ್ಕ ಹತ್ತನೆಯ ತರಗತಿಯ ತ್ರಿಕೋನಮಿತಿ.

ಆದರೆ ನನ್ನ ಮುಖ್ಯ ಆಕ್ಷೇಪ ಇವಾವುವೂ ಅಲ್ಲ. ಹೊಂದಾಣಿಕೆ ಏಕೆ ಬೇಕಾಯಿತು ಎಂಬುದನ್ನೇ ಕೈಪಿಡಿ ಮುಚ್ಚಿಡುತ್ತದೆ. ಫ್ರಾನ್ಸಿನ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಡಿರೇಲರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಇಟಲಿಯ ಕಂಪಾನ್ಯೋಲೊ 1950ರ ಸುಮಾರಿಗೆ ಸಮಾಂತರ ಚತುರ್ಭುಜದ ರಚನೆಯನ್ನು ಜನಪ್ರಿಯಗೊಳಿಸಿತು. ಜಪಾನಿನ ಸನ್‌ಟೂರ್ 1964ರಲ್ಲಿ ಆ ಚತುರ್ಭುಜವನ್ನು ಓರೆಯಾಗಿಸಿ, ರಾಟೆ ಪಕ್ಕಕ್ಕೆ ಸರಿಯುತ್ತಲೇ ಕೆಳಕ್ಕೂ ಸರಿದು ಎಲ್ಲ ಚಕ್ರಗಳಿಂದ ಹೆಚ್ಚುಕಡಿಮೆ ಸಮಾನ ದೂರದಲ್ಲಿರುವಂತೆ ಮಾಡಿತು. ಇಷ್ಟು ಕಾಲವೂ ಸನ್ನೆಗೆ ಗೊತ್ತಾದ ನಿಲುಗಡೆಗಳಿರಲಿಲ್ಲ. ಸವಾರ ಸರಿಸುತ್ತ, ಸದ್ದು ಕೇಳುತ್ತ, ಸರಿಯಾದ ಜಾಗದಲ್ಲಿ ನಿಲ್ಲಿಸುತ್ತಿದ್ದ. ಪಿಟೀಲು ನುಡಿಸುವವನ ಬೆರಳು ಸ್ವರವನ್ನು ಹುಡುಕಿಕೊಳ್ಳುವ ಹಾಗೆ. ಶಿಮಾನೊ 1984ರಲ್ಲಿ ತಂದ ಸೂಚಿತ ಪದ್ಧತಿಯಲ್ಲಿ ಸನ್ನೆ 'ಟಿಕ್' ಎಂದು ಗೊತ್ತಾದ ಜಾಗಗಳಲ್ಲಿ ನಿಲ್ಲತೊಡಗಿತು. ಪಿಟೀಲು ಹೋಗಿ ವೀಣೆ ಬಂತು. ವೀಣೆಯ ಮೆಟ್ಟಿಲು ಕಲಿಯುವವನಿಗೆ ಅನುಕೂಲ. ಆದರೆ ಮೇಣದ ಮೇಲೆ ಕೂರಿಸಿದ ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ವಾದಕನ ಕಿವಿ ಎಷ್ಟೇ ಚೆನ್ನಾಗಿದ್ದರೂ ಸ್ವರ ತಪ್ಪುತ್ತದೆ. ಹಿಂದೆ ಸವಾರನ ಕಿವಿ ಪ್ರತಿ ಸಲವೂ ತಿದ್ದುತ್ತಿದ್ದ ದೋಷವನ್ನು ಈಗ ಒಂದೇ ಸಲ, ಮೊದಲೇ ತಿದ್ದಿಡಬೇಕು. ಅಂದರೆ ಡಿರೇಲರು ಒಂದು ಅಳತೆಯ ಉಪಕರಣವಾಯಿತು, ಅದನ್ನು ಹೊಂದಿಸುವುದು ಅಂಶಾಂಕನವಾಯಿತು. ಕೈಪಿಡಿ ಮಾತ್ರ ಇನ್ನೂ ಅದನ್ನು ನಟ್ಟು ಬೋಲ್ಟಿನ ಕೆಲಸವೆಂದೇ ಬರೆಯುತ್ತದೆ.

ಅಳತೆಯ ಉಪಕರಣವಾಗಿ ಡಿರೇಲರ್

ಹಾಗೆ ನೋಡಿದಾಗ ಏನಾಗುತ್ತದೆ? ಎಂಟು ಚಕ್ರಗಳ ಗುಚ್ಛದಲ್ಲಿ ಅಕ್ಕಪಕ್ಕದ ಚಕ್ರಗಳ ನಡುವಿನ ದೂರ ಸುಮಾರು 4.8 ಮಿ.ಮೀ. ಶಿಮಾನೊ ಮಾದರಿಯ ಎಂಟು ಗೇರಿನ ಶಿಫ್ಟರು ಒಂದು ಟಿಕ್ಕಿಗೆ ಸುಮಾರು 2.8 ಮಿ.ಮೀ. ಕೇಬಲ್ ಎಳೆಯುತ್ತದೆ. ಡಿರೇಲರಿನ ಗುಣಕ ಸುಮಾರು 1.7, ಅಂದರೆ 1 ಮಿ.ಮೀ. ಕೇಬಲ್ಲಿಗೆ ರಾಟೆ 1.7 ಮಿ.ಮೀ. ಸರಿಯುತ್ತದೆ. 2.8 ಮತ್ತು 1.7ರ ಗುಣಲಬ್ಧ 4.76, ಲೆಕ್ಕ ಸರಿಹೋಯಿತು. ಕೇಬಲ್ ತಿರುಪಿನ ಪಿಚ್ 0.8 ಮಿ.ಮೀ. ಎಂದಿಟ್ಟುಕೊಂಡರೆ ಒಂದು ಪೂರ್ಣ ಸುತ್ತಿಗೆ ರಾಟೆ 1.36 ಮಿ.ಮೀ. ಸರಿಯುತ್ತದೆ, ಕಾಲು ಸುತ್ತಿಗೆ 0.34 ಮಿ.ಮೀ. ಇದೇ ಈ ಉಪಕರಣದ ಲೀಸ್ಟ್ ಕೌಂಟ್ ಎನ್ನಬಹುದು. ಒಂದು ಚಕ್ರದಿಂದ ಇನ್ನೊಂದಕ್ಕೆ ಮೂರೂವರೆ ಸುತ್ತು. ಆದ್ದರಿಂದ ಹೊಂದಿಸುವಾಗ ಮೂರು ಸುತ್ತು ದಾಟಿದಿರೋ, ತಪ್ಪು ತಿರುಪಿನಲ್ಲಿಲ್ಲ. ಕೇಬಲ್ ಕಟ್ಟುವಾಗಲೇ ಶಿಫ್ಟರು ಒಂದು ಟಿಕ್ ಆಚೀಚೆ ಇತ್ತು. ಬಿಚ್ಚಿ ಮತ್ತೆ ಕಟ್ಟುವುದೇ ಸರಿ. ಇಂಥ ಉಪಯುಕ್ತ ಮಾತು ಕೈಪಿಡಿಯಲ್ಲಿ ಸಿಗದು, ಏಕೆಂದರೆ ಅಲ್ಲಿ ಈ ಅಂಕಿಗಳೇ ಇಲ್ಲ.

ಕೈಪಿಡಿಯ ಕೊನೆಯಲ್ಲಿ 'ತೊಂದರೆ-ಪರಿಹಾರ' ಎಂಬ ಕೋಷ್ಟಕವಿರುತ್ತದೆ. ಎಡಗಡೆ ರೋಗ, ಬಲಗಡೆ ಮದ್ದು. ಸ್ಕ್ರೂ ಗೇಜ್ ಬಳಸಿದ ಯಾವ ವಿದ್ಯಾರ್ಥಿಗೂ ಅದಕ್ಕಿಂತ ಒಳ್ಳೆಯ ಕೋಷ್ಟಕ ಗೊತ್ತಿದೆ. ಎಲ್ಲ ಗೇರುಗಳಲ್ಲೂ ರಾಟೆ ಒಂದೇ ಪ್ರಮಾಣದಲ್ಲಿ ಒಂದೇ ಕಡೆಗೆ ತಪ್ಪಿದ್ದರೆ ಅದು ಶೂನ್ಯ ದೋಷ. ಕೇಬಲ್ ತಿರುಪು ಅದನ್ನು ತೆಗೆಯುತ್ತದೆ. ಒಂದು ತುದಿಯಲ್ಲಿ ಸರಿಯಿದ್ದು ಇನ್ನೊಂದು ತುದಿಗೆ ಹೋಗುತ್ತ ತಪ್ಪು ಬೆಳೆದರೆ ಅದು ಮಾನದ ದೋಷ. ಯಾವ ತಿರುಪೂ ಅದನ್ನು ತೆಗೆಯಲಾರದು. ಎಂಟು ಚಕ್ರದ ಗುಚ್ಛಕ್ಕೆ ಒಂಬತ್ತು ಗೇರಿನ ಶಿಫ್ಟರು ಹಾಕಿದರೆ ಟಿಕ್ಕಿಗೆ 2.5 ಮಿ.ಮೀ. ಎಳೆತ, ರಾಟೆಯ ಚಲನೆ 4.25 ಮಿ.ಮೀ., ಪ್ರತಿ ಟಿಕ್ಕಿಗೂ 0.55 ಮಿ.ಮೀ. ಕೊರತೆ. ನಾಲ್ಕನೆಯ ಟಿಕ್ಕಿಗೆ ಕೊರತೆ 2.2 ಮಿ.ಮೀ., ಸುಮಾರು ಅರ್ಧ ಚಕ್ರದಷ್ಟು. ಅಂಗಡಿಯಲ್ಲಿ 'ಇದೂ ಹಾಗೇ ಇರುತ್ತೆ, ನಡೆಯುತ್ತೆ' ಎಂದು ಕೊಟ್ಟ ಬಿಡಿಭಾಗವನ್ನು ಹೊಂದಿಸಲು ಇಡೀ ಭಾನುವಾರ ಕಳೆದವರು ಈ ಗುಣಾಕಾರ ಮಾಡಿದ್ದರೆ ಐದು ನಿಮಿಷದಲ್ಲಿ ಕೈಬಿಡುತ್ತಿದ್ದರು.

ಮೂರನೆಯ ಬಗೆ, ಏರುವಾಗ ಒಂದು ಜಾಗ, ಇಳಿಯುವಾಗ ಇನ್ನೊಂದು. ಇದು ಬ್ಯಾಕ್‌ಲ್ಯಾಶ್ ದೋಷದ ಬಂಧು. ಇದರ ಮೂಲ ಕೇಬಲ್ಲಿನ ಘರ್ಷಣೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಕಡೆಯ ಸೈಕಲ್ಲುಗಳ ನಿಜವಾದ ಕಾಯಿಲೆ ಇದು. ಕಂಬಕ್ಕೆ ಹಗ್ಗವನ್ನು ಎರಡು ಸುತ್ತು ಸುತ್ತಿ ದೋಣಿಯನ್ನು ಒಬ್ಬನೇ ಹಿಡಿದು ನಿಲ್ಲಿಸುವುದನ್ನು ನೋಡಿದ್ದೀರಿ. ಹಗ್ಗದ ಎರಡು ತುದಿಗಳ ಎಳೆತಗಳ ಅನುಪಾತ ಘರ್ಷಣಾಂಕ ಮತ್ತು ಸುತ್ತಿದ ಕೋನ ಇವುಗಳ ಗುಣಲಬ್ಧದ ಘಾತೀಯ. ಹೊದಿಕೆಯೊಳಗಿನ ಕೇಬಲ್ಲೂ ಹಾಗೆಯೇ. ಹ್ಯಾಂಡಲಿನಿಂದ ಡಿರೇಲರಿನವರೆಗಿನ ಬಾಗುಗಳೆಲ್ಲ ಸೇರಿ 270 ಡಿಗ್ರಿ, ಅಂದರೆ 4.71 ರೇಡಿಯನ್ ಎನ್ನೋಣ. ಹೊಸ ಕೇಬಲ್ಲಿನ ಘರ್ಷಣಾಂಕ 0.1 ಆದರೆ ಅನುಪಾತ 1.6. ಮಳೆಗಾಲ ಕಳೆದು ತುಕ್ಕು, ಕೆಸರು ಸೇರಿ ಅದು 0.25 ಆದರೆ ಅನುಪಾತ 3.2ಕ್ಕೂ ಮೇಲೆ. ದೊಡ್ಡ ಚಕ್ರಕ್ಕೆ ಏರಿಸುವಾಗ ಎಳೆಯುವುದು ಹೆಬ್ಬೆರಳು. ಅದು ಹೆಚ್ಚು ಬಲ ಹಾಕಿ ಹೇಗೋ ನಿಭಾಯಿಸುತ್ತದೆ. ಇಳಿಸುವಾಗ ಎಳೆಯುವುದು ಡಿರೇಲರಿನ ಸ್ಪ್ರಿಂಗು ಮಾತ್ರ. ಅದರ ಬಲದ ಮೂರನೆಯ ಒಂದು ಪಾಲೂ ಶಿಫ್ಟರಿನ ತುದಿಗೆ ತಲುಪುವುದಿಲ್ಲ. ಕೇಬಲ್ಲು ಒಳಗೇ ತಡೆದು ನಿಲ್ಲುತ್ತದೆ, ಚೈನು ಇಳಿಯುವುದಿಲ್ಲ.

ಈಗ ಕೋಷ್ಟಕ ನೋಡಿ: 'ಚಿಕ್ಕ ಚಕ್ರಕ್ಕೆ ಇಳಿಯಲು ತಡವಾದರೆ ಕೇಬಲ್ ಸಡಿಲಿಸಿ.' ಸಡಿಲಿಸಿದಿರಿ. ಇಳಿಯತೊಡಗಿತು. ಈಗ ಏರುವುದು ನಿಂತಿತು. ಬಿಗಿ ಮಾಡಿದಿರಿ. ಇಳಿಯುವುದು ನಿಂತಿತು. ಕೋಷ್ಟಕದ ಎರಡು ಸಾಲುಗಳ ನಡುವೆ ಓದುಗ ದಿನವಿಡೀ ಓಡಾಡಬಹುದು. ಪ್ರತಿ ಸಾಲೂ ಬಿಡಿಯಾಗಿ ಸರಿ; ಒಟ್ಟಿಗೆ ಓದಿದರೆ ದಾರಿತಪ್ಪಿಸುತ್ತವೆ. 'ಎರಡೂ ತೊಂದರೆಗಳು ಸೇರಿ ಬಂದರೆ ತಿರುಪು ಮುಟ್ಟಬೇಡಿ, ಕೇಬಲ್ ಬದಲಿಸಿ' ಎಂಬ ಮೂರನೆಯ ಸಾಲು ಬೇಕಿತ್ತು. ಅದಕ್ಕೆ ತಗಲುವ ಖರ್ಚು ಹೊಸ ಡಿರೇಲರಿನ ಬೆಲೆಯ ಸಣ್ಣ ಪಾಲು. ಅದು ತಿಳಿಯದೆ ಡಿರೇಲರನ್ನೇ ಬದಲಿಸಿಕೊಂಡು ಬಂದ ವಿದ್ಯಾರ್ಥಿಗಳನ್ನು ಬಲ್ಲೆ.

ಹೊದಿಕೆಯ ಬಗ್ಗೆ ಇನ್ನೊಂದು ಮಾತು. ಬ್ರೇಕಿನ ಹೊದಿಕೆ ಚಪ್ಪಟೆ ತಂತಿಯನ್ನು ಸುರುಳಿ ಸುತ್ತಿ ಮಾಡಿದ್ದು. ಬಾಗಿಸಿದರೆ ಅದರ ನಡುರೇಖೆಯ ಉದ್ದ ಬದಲಾಗುತ್ತದೆ. ಸೂಚಿತ ಗೇರಿನ ಹೊದಿಕೆಯಲ್ಲಿ ತಂತಿಗಳು ಉದ್ದುದ್ದಕ್ಕೆ ಹಾಯುತ್ತವೆ, ಬಾಗಿದರೂ ಉದ್ದ ಉಳಿಯುತ್ತದೆ. ಗೇರಿಗೆ ಬ್ರೇಕಿನ ಹೊದಿಕೆ ಹಾಕಿದರೆ ಹ್ಯಾಂಡಲ್ ತಿರುಗಿಸಿದಾಗ ಗೇರು ತಾನಾಗಿ ಅಲುಗಬಹುದು. ಬ್ರೇಕಿಗೆ ಗೇರಿನ ಹೊದಿಕೆ ಹಾಕುವುದು ಅಪಾಯ. ಉದ್ದ ತಂತಿಗಳು ಬ್ರೇಕಿನ ಬಲಕ್ಕೆ ಸೀಳಿ ಹೊರಬರಬಹುದು. ಕೈಪಿಡಿಗಳು 'ಸೂಚಿಸಿದ ಹೊದಿಕೆಯನ್ನೇ ಬಳಸಿ' ಎನ್ನುತ್ತವೆ. ಓದುಗ ಅದನ್ನು ವ್ಯಾಪಾರದ ಮಾತೆಂದು ತಿಳಿಯುತ್ತಾನೆ. ಕಾರಣ ಕೊಡದ ಸೂಚನೆಗಳಿಗೆಲ್ಲ ಇದೇ ಗತಿ.

ಕೊನೆಯ ಬಗೆಯದು ಓರೆ. ಸೈಕಲ್ಲು ಬಲಕ್ಕೆ ಬಿದ್ದರೆ ಹ್ಯಾಂಗರು ಒಳಕ್ಕೆ ಬಾಗುತ್ತದೆ. ಎರಡು ರಾಟೆಗಳ ನಡುವೆ 60 ಮಿ.ಮೀ. ಅಂತರವಿದ್ದು ಹ್ಯಾಂಗರು 2 ಡಿಗ್ರಿ ಬಾಗಿದರೆ ಕೆಳಗಿನ ರಾಟೆ ಮೇಲಿನದಕ್ಕಿಂತ 2 ಮಿ.ಮೀ. ಪಕ್ಕಕ್ಕಿರುತ್ತದೆ. ಹಿಂದೆ ಕೂತು ಒಂದು ಕಣ್ಣು ಮುಚ್ಚಿ ನೋಡಿದರೆ ಕಾಣುತ್ತದೆ. ಸ್ಥಾನದ ತಪ್ಪನ್ನು ತಿರುಪುಗಳು ಸರಿಮಾಡಬಲ್ಲವು, ತಲದ ಓರೆಯನ್ನಲ್ಲ. ನಮ್ಮ ಅಗ್ಗದ ಸೈಕಲ್ಲುಗಳಲ್ಲಿ ಪ್ರತ್ಯೇಕ ಹ್ಯಾಂಗರೇ ಇಲ್ಲ; ಡಿರೇಲರಿನ ಕೊಕ್ಕೆಯಂಥ ಪಟ್ಟಿಯನ್ನು ಹಿಂದಿನ ಗಾಲಿಯ ನಟ್ಟಿನ ಕೆಳಗೇ ಬಿಗಿದಿರುತ್ತಾರೆ. ಪಂಕ್ಚರಿಗಾಗಿ ಗಾಲಿ ಬಿಚ್ಚಿ ಹಾಕುವಾಗ ಆ ಪಟ್ಟಿ ತುಸು ಸರಿದರೆ ಗೇರಿನ ಹೊಂದಾಣಿಕೆಯೂ ಹೋಯಿತು. ಜೋಡಣೆಯ ಅಧ್ಯಾಯದಲ್ಲಿ ಮೊದಲು ಬರಬೇಕಾದ ಈ ಪರೀಕ್ಷೆ ಎಷ್ಟೋ ಹಾಳೆಗಳಲ್ಲಿ ಇಲ್ಲವೇ ಇಲ್ಲ.

ಪುಸ್ತಕಗಳ ಕಡೆ ತಿರುಗಿದರೆ? ಆರ್ಚಿಬಾಲ್ಡ್ ಶಾರ್ಪ್ 1896ರಲ್ಲಿ ಬರೆದ 'ಬೈಸಿಕಲ್ಸ್ ಅಂಡ್ ಟ್ರೈಸಿಕಲ್ಸ್' ಚೈನು ಮತ್ತು ಹಲ್ಲುಚಕ್ರಗಳ ಗಣಿತವನ್ನು ಇಂದಿಗೂ ಮೆಚ್ಚುವಂತೆ ವಿವರಿಸುತ್ತದೆ, ಆದರೆ ಅದು ಡಿರೇಲರಿಗಿಂತ ಹಿಂದಿನ ಕಾಲದ್ದು. ವಿಟ್ ಮತ್ತು ವಿಲ್ಸನ್ ಅವರ 'ಬೈಸಿಕ್ಲಿಂಗ್ ಸೈನ್ಸ್' 1974ರಲ್ಲಿ ಬಂದು 2020ರಲ್ಲಿ ನಾಲ್ಕನೆಯ ಆವೃತ್ತಿ ಕಂಡಿದೆ. ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿ ಇರಬೇಕಾದ ಗ್ರಂಥ. ಅಲ್ಲಿ ದಕ್ಷತೆ, ಗಾಳಿಯ ತಡೆ, ಮನುಷ್ಯನ ಸಾಮರ್ಥ್ಯ ಎಲ್ಲ ಇದೆ, ತಿರುಪುಳಿ ಇಲ್ಲ. ಫ್ರಾಂಕ್ ಬರ್ಟೊ 2000ದಲ್ಲಿ ಪ್ರಕಟಿಸಿದ 'ದಿ ಡ್ಯಾನ್ಸಿಂಗ್ ಚೈನ್' ಡಿರೇಲರಿನ ಇತಿಹಾಸಕ್ಕೆ ಮೀಸಲಾದದ್ದು. ಒಂದು ಕಡೆ ಕಾರಣ ಮಾತ್ರ ಹೇಳುವ ಪುಸ್ತಕ, ಇನ್ನೊಂದು ಕಡೆ ಕ್ರಿಯೆ ಮಾತ್ರ ಹೇಳುವ ಹಾಳೆ. ನಮ್ಮ ಪ್ರಯೋಗಶಾಲೆಯ ಕೈಪಿಡಿಗಳೂ ಎರಡನೆಯ ಜಾತಿಗೇ ಸೇರಿದವಲ್ಲವೇ ಎಂದು ಶಿಕ್ಷಕ ಮಿತ್ರರು ಯೋಚಿಸಬಹುದು. 'ತಿರುಪನ್ನು ಹೊಂದಿಸಿ, ವಾಚನವನ್ನು ಬರೆದುಕೊಳ್ಳಿ' ಎಂಬ ಸಾಲನ್ನು ನಾವೇ ಎಷ್ಟು ಸಲ ಅಚ್ಚು ಹಾಕಿಸಿಲ್ಲ!

ತಯಾರಕರು ಬೇರೆ ದಾರಿ ಹಿಡಿದಿದ್ದಾರೆ. ಶಿಮಾನೊ 2009ರಲ್ಲಿ ವಿದ್ಯುತ್ ಮೋಟಾರಿನಿಂದ ಚಲಿಸುವ ಡಿರೇಲರನ್ನು ಮಾರುಕಟ್ಟೆಗೆ ತಂದು ಕೇಬಲ್ಲಿನ ಘರ್ಷಣೆಯನ್ನೇ ನಿವಾರಿಸಿತು. ಅಮೆರಿಕದ ಸ್ರಾಮ್ 2023ರಲ್ಲಿ ಹ್ಯಾಂಗರನ್ನು ಬಿಟ್ಟು ಅಚ್ಚಿನ ಸುತ್ತಲೇ ಕೂರುವ ಡಿರೇಲರನ್ನು ತಂದಿತು. ಅದರಲ್ಲಿ ಎಚ್, ಎಲ್, ಬಿ ತಿರುಪುಗಳಿಲ್ಲ. ವಿನ್ಯಾಸವಾಗಿ ಇದು ಸುಂದರ. ಓರೆಯ ದೋಷವನ್ನು ತಿದ್ದುವ ಬದಲು ಹುಟ್ಟದಂತೆ ಮಾಡಿದ್ದಾರೆ. ಆದರೆ ನಮ್ಮ ವಿದ್ಯಾರ್ಥಿಯ ಕೈಗೆಟುಕುವ ಬೆಲೆಯಲ್ಲಿ ಇವು ಇಲ್ಲ. ಅವನ ಸೈಕಲ್ಲಿನಲ್ಲಿ ಕೇಬಲ್ಲೂ ನಾಲ್ಕು ತಿರುಪೂ ಇನ್ನೂ ಬಹುಕಾಲ ಇರುತ್ತವೆ.

ಹಾಗಾಗಿ ಒಂದು ಸಲಹೆ. ನಾನು ನೋಡಿದ ಹಾಳೆಗಳಲ್ಲಿ ಕನ್ನಡ ಇರಲಿಲ್ಲ. ಇಂಗ್ಲಿಷಿನದನ್ನು ಸಾಲುಸಾಲಾಗಿ ಕನ್ನಡಿಸಿದರೆ ಅದರ ಮೌನವೂ ಜೊತೆಗೆ ಬರುತ್ತದೆ. ಅದರ ಬದಲು ಪ್ರೌಢಶಾಲೆಯಲ್ಲೋ ಪದವಿ ಕಾಲೇಜಿನಲ್ಲೋ ವಿದ್ಯಾರ್ಥಿಗಳೇ ಒಂದು ಗೇರು ಸೈಕಲ್ಲನ್ನು ಅಳೆದು ಬರೆಯಲಿ. ಹಿಂದಿನ ಗಾಲಿ ನೆಲಕ್ಕೆ ತಾಗದಂತೆ ಸೈಕಲ್ಲನ್ನು ಎತ್ತಿ ನಿಲ್ಲಿಸಿ. ಬೆರಳು ಸಿಕ್ಕದಿರಲೆಂದು ಚೈನನ್ನು ತೆಗೆದಿಡಿ. ಚೌಕಟ್ಟಿನ ಒಂದು ಸ್ಥಿರ ಬಿಂದುವಿನಿಂದ ಮಾರ್ಗದರ್ಶಿ ರಾಟೆಯವರೆಗಿನ ಅಡ್ಡ ದೂರವನ್ನು ಪ್ರತಿ ಟಿಕ್ಕಿಗೂ ವರ್ನಿಯರಿನಿಂದ ಅಳೆಯಿರಿ. ಒಳಕ್ಕೆ ಹೋಗುವಾಗ ಒಮ್ಮೆ, ಹೊರಕ್ಕೆ ಬರುವಾಗ ಒಮ್ಮೆ. ಹಲ್ಲುಚಕ್ರಗಳ ಸ್ಥಾನಗಳನ್ನೂ ಅದೇ ಬಿಂದುವಿನಿಂದ ಅಳೆದು, ಮೂರನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿ. ಚಕ್ರಗಳ ಗೆರೆಗೆ ರಾಟೆಯ ಗೆರೆ ಸಮಾಂತರವಾಗಿ ಪಕ್ಕಕ್ಕಿದ್ದರೆ ಕೇಬಲ್ ತಿರುಪು ಸಾಕು, ಅಂತರವನ್ನು 0.34ರಿಂದ ಭಾಗಿಸಿದರೆ ಎಷ್ಟು ಕಾಲು ಸುತ್ತು ಎಂಬುದೂ ಸಿಗುತ್ತದೆ. ಇಳಿಜಾರು ಬೇರೆಯಾಗಿದ್ದರೆ ಅಂಗಡಿಯವನು ಕೊಟ್ಟ ಬಿಡಿಭಾಗದ ಮೇಲಿನ ಸಂಖ್ಯೆಯನ್ನು ಓದಿ. ಹೋಗುವ ಮತ್ತು ಬರುವ ಗೆರೆಗಳ ನಡುವೆ ಒಂದು ಮಿ.ಮೀ.ಗಿಂತ ಹೆಚ್ಚು ಬಿರುಕು ಕಂಡರೆ, ತಿರುಪುಳಿಯನ್ನು ಕೆಳಗಿಟ್ಟು ಕೇಬಲ್ ಬಿಚ್ಚಿ ನೋಡಿ.